ಅಮೆರಿಕದ ಹೆಲ್ತ್ ಇನ್ಶೂರೆನ್ಸ್: ನಮ್ಮವರು ಪದೇ ಪದೇ ಕೇಳೋ ಪ್ರಶ್ನೆಗಳು

ಎಚ್-1ಬಿ, ಎಲ್-1, ಎಚ್-4, ಎಫ್-1, ಗ್ರೀನ್ ಕಾರ್ಡು, ಯಾವುದರ ಮೇಲೆ ಬಂದಿದ್ರೂ ಸರಿ, ಅಮೆರಿಕದಲ್ಲಿರೋ ಕನ್ನಡದವರು ಯುಗಾದಿ ಪಾಟ್‌ಲಕ್ಕಲ್ಲಿ ಸಿಕ್ಕಾಗ ವೀಸಾ, ಮನೆ, ಸ್ಕೂಲು ಎಲ್ಲಾ ಮುಗಿದ್ಮೇಲೆ ಮಾತು ಬಂದು ನಿಲ್ಲೋದು ಆಸ್ಪತ್ರೆ ಬಿಲ್ ಹತ್ರಾನೇ. ಅಲ್ಲಿ ಕಿವಿಗೆ ಬೀಳೋ ಪ್ರಶ್ನೆಗಳನ್ನೇ ಇಲ್ಲಿ ಹಾಕಿದೀನಿ. ಬೇರೆ ವರ್ಷ ಅಂತ ಹೇಳದೇ ಇರೋ ಕಡೆ ಡಾಲರ್ ಮಿತಿಗಳು 2025ರವು, ಅವು ವರ್ಷಾ ವರ್ಷಾ ಬದಲಾಗ್ತಿರತ್ವೆ. ನಿಮ್ಮ ಪ್ಲಾನಿನ ಕಾಗದದಲ್ಲಿ ಏನು ಬರ್ದಿದ್ಯೋ ಅದೇ ಕೊನೆ ಮಾತು, ಪಕ್ಕದ ಮನೆಯವರ ಪ್ಲಾನಲ್ಲಿ ಏನಿದೆ ಅನ್ನೋದು ಯಾವ ಕೆಲಸಕ್ಕೂ ಬರಲ್ಲ.

ಪ್ರತಿ ಸಂಬಳದಲ್ಲೂ ಇನ್ಶೂರೆನ್ಸಿಗೆ ದುಡ್ಡು ಕಟ್ ಆಗ್ತಿದೆ, ಆದ್ರೂ ಡಾಕ್ಟರ್ ಹತ್ರ ಹೋಗಿ ಬಂದ್ರೆ ಮತ್ತೆ ಬಿಲ್ ಯಾಕೆ ಬರತ್ತೆ?

ಎಲ್ಲರಿಗೂ ಮೊದಲ ಶಾಕ್ ಇದೇ. ಬೆಂಗಳೂರಲ್ಲಿ ನಮಗೆ ಗೊತ್ತಿರೋದು ಅಡ್ಮಿಟ್ ಆದ್ರೆ ಟಿಪಿಎ ಡೆಸ್ಕು, ಕ್ಯಾಶ್‌ಲೆಸ್ಸು, ಮಿಕ್ಕಿದ್ದಕ್ಕೆಲ್ಲ ಕೈಯಿಂದ ಐನೂರೋ ಎಂಟ್ನೂರೋ ಕೊಟ್ಟು ಬರೋದು. ಇಲ್ಲಿ ಸಣ್ಣ ಜ್ವರಕ್ಕೂ ಇನ್ಶೂರೆನ್ಸ್ ಲೆಕ್ಕಕ್ಕೆ ಬರತ್ತೆ, ಆದ್ರೆ ಮೆಟ್ಟಿಲು ಮೆಟ್ಟಿಲಾಗಿ ಬರತ್ತೆ. ಸಂಬಳದಲ್ಲಿ ಹೋಗೋದು ಪ್ರೀಮಿಯಂ, ಅದು ಬರೀ ಒಳಗೆ ಬಿಟ್ಕೊಳ್ಳೋಕೆ. ಆಮೇಲೆ ಡಿಡಕ್ಟಿಬಲ್, ಅಂದ್ರೆ ವರ್ಷದಲ್ಲಿ ಅಷ್ಟು ದುಡ್ಡು ನೀವೇ ಖರ್ಚು ಮಾಡೋವರೆಗೂ ಇನ್ಶೂರೆನ್ಸ್‌ನೋರು ಕೈ ಬಿಚ್ಚಲ್ಲ. ಅದು ದಾಟಿದ್ಮೇಲೆ ಕೋಇನ್ಶೂರೆನ್ಸ್, ಇಷ್ಟು ಪರ್ಸೆಂಟ್ ನೀವು ಇಷ್ಟು ಪರ್ಸೆಂಟ್ ಅವರು. ಕೊನೇಲಿ ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಂ, ಅದನ್ನ ಮುಟ್ಟಿದ್ರೆ ಆ ವರ್ಷಕ್ಕೆ ನಿಮ್ಮ ಪಾಲು ಮುಗೀತು.

ಲೆಕ್ಕ ಹಾಕಿ ನೋಡಿದ್ರೇನೇ ಇದು ತಲೆಗೆ ಹೋಗೋದು. ನಿಮ್ಮ ಪ್ಲಾನಲ್ಲಿ ಡಿಡಕ್ಟಿಬಲ್ 1,500, ಕೋಇನ್ಶೂರೆನ್ಸ್ 20 ಪರ್ಸೆಂಟ್, ಮ್ಯಾಕ್ಸಿಮಂ 5,000 ಡಾಲರ್ ಅನ್ಕೊಳಿ. ಫೆಬ್ರವರೀಲಿ ಮಂಡಿ ಎಂಆರ್‌ಐ ಮಾಡ್ಸಿದ್ರಿ, ಆಸ್ಪತ್ರೆ 2,400 ಅಂತ ಹಾಕ್ತು, ಆದ್ರೆ ಇನ್ಶೂರೆನ್ಸಿಗೂ ಆಸ್ಪತ್ರೆಗೂ ಇರೋ ಒಪ್ಪಂದದ ರೇಟು 900. ಆ 900 ಪೂರ್ತಿ ನಿಮ್ಮದೇ. ಏಪ್ರಿಲಲ್ಲಿ ಆಪರೇಷನ್ನು, ಒಪ್ಪಂದದ ರೇಟು 30,000. ಡಿಡಕ್ಟಿಬಲ್ ಬಾಕಿ 600 ಮೊದ್ಲು ಕೊಡ್ತೀರ, ಉಳಿದ 29,400ರ 20 ಪರ್ಸೆಂಟ್ ಅಂದ್ರೆ 5,880, ಆದ್ರೆ ಈಗಾಗ್ಲೇ 1,500 ಕೊಟ್ಟಾಗಿರೋದ್ರಿಂದ 3,500ಕ್ಕೆ ನಿಮ್ಮ ಮ್ಯಾಕ್ಸಿಮಂ ಮುಟ್ತು, ಅಲ್ಲಿಗೆ ನಿಂತ್ಹೋಯ್ತು. ಆಮೇಲೆ ಡಿಸೆಂಬರ್ 31ರವರೆಗೆ ಫಿಸಿಯೋಥೆರಪಿಗೆ ಹೋಗಿ, ಸ್ಕ್ಯಾನ್ ಮಾಡ್ಸಿ, ಪ್ಲಾನಲ್ಲಿ ಸೇರಿರೋದು ಮತ್ತು ನೆಟ್‌ವರ್ಕ್ (ಇನ್ಶೂರೆನ್ಸ್ ಜೊತೆ ರೇಟಿನ ಒಪ್ಪಂದ ಇರೋ ಡಾಕ್ಟರು, ಆಸ್ಪತ್ರೆ) ಒಳಗಿರೋದು ಆದ್ರೆ ನಿಮಗೆ ಸೊನ್ನೆ. ಹೆಚ್ಚಿನ ಪ್ಲಾನುಗಳಲ್ಲಿ ಜನವರಿ 1ಕ್ಕೆ ಎಲ್ಲಾ ಮತ್ತೆ ಮೊದಲಿಂದ, ಅದಕ್ಕೇ ನವೆಂಬರ್ ಡಿಸೆಂಬರಲ್ಲಿ ಇಲ್ಲಿನ ಆಪರೇಷನ್ ಥಿಯೇಟರುಗಳಿಗೆ ಅಷ್ಟು ರಶ್ಶು. ಈ ಮ್ಯಾಕ್ಸಿಮಂಗೆ ಕಾನೂನಿನ ಮಿತಿ ಒಬ್ಬರಿಗೆ 9,200, ಫ್ಯಾಮಿಲಿಗೆ 18,400 ಡಾಲರ್. ಪ್ರೀಮಿಯಂ ಇದರಲ್ಲಿ ಸೇರಲ್ಲ, ನೆಟ್‌ವರ್ಕ್ ಹೊರಗಿನ ಖರ್ಚೂ ಸಾಮಾನ್ಯವಾಗಿ ಸೇರಲ್ಲ.

ಪಿಪಿಒ, ಎಚ್ಎಂಒ, ಹೈ ಡಿಡಕ್ಟಿಬಲ್, ಇದರಲ್ಲಿ ಯಾವುದು ತಗೋಬೇಕು?

ಎಚ್ಎಂಒ ಅಂದ್ರೆ ಒಬ್ಬ ಪ್ರೈಮರಿ ಡಾಕ್ಟರು, ಅವರು ರೆಫರಲ್ ಕೊಟ್ರೆ ಮಾತ್ರ ಸ್ಪೆಷಲಿಸ್ಟು, ನೆಟ್‌ವರ್ಕ್ ಬಿಟ್ಟು ಹೋದ್ರೆ ಎಮರ್ಜೆನ್ಸಿ ಬಿಟ್ರೆ ಏನೂ ಸಿಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಅನ್ನೋ ಕಂಪನಿಯ ಎಚ್ಎಂಒ ತಗೊಂಡೋರಿಗೆ ಇದು ಗೊತ್ತು, ಡಾಕ್ಟರು ಲ್ಯಾಬು ಫಾರ್ಮಸಿ ಎಲ್ಲಾ ಒಂದೇ ಕಾಂಪೌಂಡಲ್ಲಿ ಇರೋದ್ರಿಂದ ತಲೆನೋವು ಕಮ್ಮಿ. ಪಿಪಿಒಲಿ ಎಲ್ಲಿಗೆ ಬೇಕಾದ್ರೂ ಹೋಗ್ಬೋದು, ರೇಟು ಜಾಸ್ತಿ. ಹೈ ಡಿಡಕ್ಟಿಬಲ್ ಪ್ಲಾನಿಗೆ ಪ್ರೀಮಿಯಂ ಕಮ್ಮಿ, ಮೊದಲ ಖರ್ಚು ಜಾಸ್ತಿ, ಜೊತೆಗೆ ಎಚ್ಎಸ್ಎ ಅಕೌಂಟ್ (ಚಿಕಿತ್ಸೆ ಖರ್ಚಿಗೆ ದುಡ್ಡು ಕೂಡಿಡೋ ಖಾತೆ) ತೆಗೆಯೋ ಹಕ್ಕು ಬರತ್ತೆ.

ನಾನು ಯಾರಿಗಾದ್ರೂ ಹೇಳೋದು ಇಷ್ಟೇ, ವರ್ಷದ ಪ್ರೀಮಿಯಂ ಬರೀರಿ, ಅದಕ್ಕೆ ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಂ ಕೂಡಿ, ಕಂಪನಿ ಎಚ್ಎಸ್ಎಗೆ ದುಡ್ಡು ಹಾಕಿದ್ರೆ ಅದನ್ನ ಕಳೀರಿ. ಅದು ನಿಮ್ಮ ಅತಿ ಕೆಟ್ಟ ವರ್ಷದ ಖರ್ಚು. ಹಾಗೇ ಏನೂ ಆಗದ ವರ್ಷದ ಖರ್ಚೂ ಬರೀರಿ. ಎಷ್ಟೋ ಕಂಪನಿಗಳಲ್ಲಿ ಎರಡೂ ಲೆಕ್ಕದಲ್ಲಿ ಹೈ ಡಿಡಕ್ಟಿಬಲ್ಲೇ ಗೆಲ್ಲತ್ತೆ, ಆದ್ರೂ ಜನ ಹೆಸರು ಕೇಳೇ ಹೆದರ್ತಾರೆ. ಕೈಯಲ್ಲಿ ಎರಡು ಮೂರು ಸಾವಿರ ಡಾಲರ್ ಉಳಿತಾಯ ಇಲ್ಲದ ಮೊದಲ ವರ್ಷ ಮಾತ್ರ ಹೆದರೋದು ನ್ಯಾಯಾನೇ.

ಎಚ್ಎಸ್ಎಗೆ ಒಬ್ಬರಿದ್ರೆ 4,300, ಫ್ಯಾಮಿಲಿಗೆ 8,550 ಡಾಲರ್ ಹಾಕ್ಬೋದು, ಫೆಡರಲ್ ಟ್ಯಾಕ್ಸ್ ಇಲ್ಲ (ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ರಾಜ್ಯಗಳು ಮಾತ್ರ ಅವರ ಟ್ಯಾಕ್ಸ್ ಬಿಡಲ್ಲ). ಆ ದುಡ್ಡು ನಿಮ್ಮದು, ಕೆಲಸ ಬಿಟ್ರೂ ಊರಿಗೆ ವಾಪಸ್ ಹೋದ್ರೂ ನಿಮ್ಮದೇ, ಮೈಸೂರಲ್ಲಿ ಮಾಡ್ಸಿದ ಚಿಕಿತ್ಸೆಗೂ ರಸೀದಿ ಇಟ್ಕೊಂಡು ಬಳಸ್ಬೋದು. ಚಿಕಿತ್ಸೆ ಬಿಟ್ಟು ಬೇರೆದಕ್ಕೆ ತೆಗೆದ್ರೆ 65 ವರ್ಷದ ಒಳಗೆ ಟ್ಯಾಕ್ಸ್ ಜೊತೆ 20 ಪರ್ಸೆಂಟ್ ದಂಡ. ಎಫ್ಎಸ್ಎ ಬೇರೆ, ಅದೂ ಚಿಕಿತ್ಸೆ ಖರ್ಚಿಗೆ ಸಂಬಳದಿಂದ ದುಡ್ಡು ತೆಗೆದಿಡೋ ಖಾತೆನೇ, ಆದ್ರೆ ಅದರಲ್ಲಿ ಖರ್ಚು ಮಾಡದೇ ಉಳಿದಿದ್ದು ಹೆಚ್ಚು ಕಮ್ಮಿ ಹೋದ ಹಾಗೇ. ಮತ್ತೆ ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ರೆ ಒಬ್ಬರು ಸಾಮಾನ್ಯ ಎಫ್ಎಸ್ಎ ತಗೊಂಡು ಇನ್ನೊಬ್ಬರು ಎಚ್ಎಸ್ಎಗೆ ಹಾಕೋ ಹಾಗಿಲ್ಲ, ಇದು ಯಾರೂ ಹೇಳಲ್ಲ, ಟ್ಯಾಕ್ಸ್ ಟೈಮಲ್ಲಿ ಗೊತ್ತಾಗತ್ತೆ.

ಡಾಕ್ಟರ್ ನೆಟ್‌ವರ್ಕಲ್ಲಿ ಇದಾರಾ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ಕ್ಲಿನಿಕ್ಕಿಗೆ ಫೋನ್ ಮಾಡಿ "ನಮ್ಮ ಇನ್ಶೂರೆನ್ಸ್ ತಗೋತೀರಾ" ಅಂತ ಕೇಳ್ಬೇಡಿ. ಹೌದು ಅಂತಾರೆ, ತಗೋತಾರೆ, ಕ್ಲೈಮ್ ಕಳಿಸ್ತಾರೆ, ನೆಟ್‌ವರ್ಕ್ ಹೊರಗೆ ಇದ್ರೂ. ಕೇಳ್ಬೇಕಾದ್ದು "ಈ ಪ್ಲಾನಿಗೆ, ಈ ಡಾಕ್ಟರು, ಈ ವಿಳಾಸದಲ್ಲಿ ಇನ್-ನೆಟ್‌ವರ್ಕಾ". ಪ್ಲಾನಿನ ಪೂರ್ತಿ ಹೆಸರು ಕಾರ್ಡ್ ಮೇಲೆ ಇರತ್ತೆ, ಒಂದೇ ಇನ್ಶೂರೆನ್ಸ್ ಕಂಪನೀಲಿ ಹತ್ತಾರು ನೆಟ್‌ವರ್ಕ್ ಇರತ್ವೆ. ಒಂದೇ ಡಾಕ್ಟರು ಎರಡು ಕಡೆ ಕೂತಿದ್ರೆ ಒಂದು ಕಡೆ ಒಳಗೆ ಇನ್ನೊಂದು ಕಡೆ ಹೊರಗೆ ಇರೋದೂ ಉಂಟು.

ಲ್ಯಾಬ್ ವಿಷಯ ಬೇರೆ ತಲೆನೋವು. ನಮ್ಮನೇಲಿ ಒಂದ್ಸಲ ಡಾಕ್ಟರ್ ನೆಟ್‌ವರ್ಕಲ್ಲೇ ಇದ್ರು, ರಕ್ತ ತೆಗೆದಿದ್ದೂ ಅವರ ರೂಮಲ್ಲೇ, ಆದ್ರೆ ಆ ಟ್ಯೂಬು ಹೋಗಿದ್ದು ನೆಟ್‌ವರ್ಕ್ ಹೊರಗಿನ ಲ್ಯಾಬಿಗೆ, ಆರು ವಾರ ಆದ್ಮೇಲೆ ಹೆಸರೇ ಕೇಳದ ಊರಿಂದ ಬಿಲ್ ಬಂತು. ಅವತ್ತಿಂದ ಸೂಜಿ ಹಾಕೋ ಮುಂಚೆ "ಸ್ಯಾಂಪಲ್ ಯಾವ ಲ್ಯಾಬಿಗೆ ಹೋಗತ್ತೆ" ಅಂತ ಕೇಳೋದು ಅಭ್ಯಾಸ. ಅವರಿಗೇನೂ ಬೇಜಾರಿಲ್ಲ, ಬೇರೆ ಲ್ಯಾಬಿಗೆ ಚೀಟಿ ಬರ್ದು ಕೊಡ್ತಾರೆ.

ಒಂದು ಒಳ್ಳೇದು ಅಂದ್ರೆ 2022ರ ಜನವರಿ 1ರಿಂದ ನೋ ಸರ್ಪ್ರೈಸಸ್ ಆಕ್ಟ್ ಜಾರೀಲಿದೆ. ಎಮರ್ಜೆನ್ಸೀಲಿ ಯಾವ ಆಸ್ಪತ್ರೆಗೆ ಹೋದ್ರೂ, ಅಥವಾ ನೆಟ್‌ವರ್ಕ್ ಆಸ್ಪತ್ರೇಲಿ ನಿಮಗೆ ಗೊತ್ತಿಲ್ಲದೇ ಹೊರಗಿನ ಅನಸ್ತೇಷಿಯಾ ಡಾಕ್ಟರು ಬಂದು ನಿಂತ್ರೂ, ನಿಮ್ಮ ಪಾಲು ನೆಟ್‌ವರ್ಕ್ ಲೆಕ್ಕದಲ್ಲೇ. ಏರ್ ಆಂಬುಲೆನ್ಸೂ ಇದರಲ್ಲಿ ಬರತ್ತೆ, ರಸ್ತೆ ಮೇಲೆ ಹೋಗೋ ಆಂಬುಲೆನ್ಸ್ ಮಾತ್ರ ಬರಲ್ಲ. ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿವೆ.

ರಾತ್ರಿ ಹನ್ನೊಂದಕ್ಕೆ ಮಗೂಗೆ ಜ್ವರ, ಇಆರ್‌ಗೆ (ಎಮರ್ಜೆನ್ಸಿ ರೂಮಿಗೆ) ಓಡ್ಬೇಕಾ?

ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲೋದು, ತಲೆಗೆ ಜೋರು ಪೆಟ್ಟು, ನಿಲ್ಲದ ರಕ್ತ, ಮೂರು ತಿಂಗಳ ಒಳಗಿನ ಕೂಸಿಗೆ ಜ್ವರ, ಇಂಥದ್ದಕ್ಕೆ ದುಡ್ಡಿನ ಯೋಚನೆ ಬಿಟ್ಟು 911 ಅಥವಾ ಇಆರ್. 1986ರ ಎಮ್ಟಾಲಾ ಕಾನೂನಿನ ಪ್ರಕಾರ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗೆ ಇರೋ ಸರ್ಕಾರಿ ಇನ್ಶೂರೆನ್ಸ್) ದುಡ್ಡು ತಗೊಳ್ಳೋ ಆಸ್ಪತ್ರೆಯ ಇಆರ್ ಯಾರನ್ನೇ ಆಗ್ಲಿ, ಇನ್ಶೂರೆನ್ಸ್ ಇರಲಿ ಬಿಡಲಿ, ಮೊದ್ಲು ಪರೀಕ್ಷೆ ಮಾಡಿ ಸ್ಥಿತಿ ಹತೋಟಿಗೆ ತರಲೇಬೇಕು. ನಮ್ಮ ಕಡೆ ಕೆಲವು ಕಡೆ ಕೇಳೋ ಹಾಗೆ "ಮೊದ್ಲು ಅಡ್ವಾನ್ಸ್ ಕಟ್ಟಿ" ಅನ್ನೋ ಹಾಗಿಲ್ಲ.

ದೊಡ್ಡ ಮಕ್ಕಳ ಸಾದಾ ಜ್ವರ, ಕಿವಿನೋವು, ಉಳುಕು, ಎರಡು ಹೊಲಿಗೆ ಬೀಳೋ ಗಾಯ, ಇದಕ್ಕೆಲ್ಲ ಅರ್ಜೆಂಟ್ ಕೇರ್ (ಸಣ್ಣ ಪುಟ್ಟ ತೊಂದರೆಗೆ ನೇರ ಹೋಗೋ ಕ್ಲಿನಿಕ್ಕು) ಸಾಕು, ಖರ್ಚು ಇಆರ್‌ಗಿಂತ ಎಷ್ಟೋ ಪಾಲು ಕಮ್ಮಿ. ಕಾರ್ಡಿನ ಹಿಂದೆ ನರ್ಸ್ ಲೈನ್ ನಂಬರ್ ಇರತ್ತೆ, ಸಾಮಾನ್ಯವಾಗಿ ಫ್ರೀ, ಮಧ್ಯರಾತ್ರೀಲೂ ಎತ್ತುತಾರೆ, ಹೋಗ್ಬೇಕೋ ಬೇಡ್ವೋ ಅಂತ ಅವರೇ ಹೇಳ್ತಾರೆ. ಟೆಕ್ಸಾಸ್ ಕಡೆ ಇರೋರು ಒಂದು ಹುಷಾರು: ಸ್ಟ್ರಿಪ್ ಮಾಲಲ್ಲಿ ದೋಸೆ ಹೋಟ್ಲು ಪಕ್ಕ ಅರ್ಜೆಂಟ್ ಕೇರ್ ಥರಾನೇ ಕಾಣೋ ಕಟ್ಟಡದ ಬೋರ್ಡ್ ಮೇಲೆ "ಎಮರ್ಜೆನ್ಸಿ" ಅಂತಿದ್ರೆ ಅದು ಪೂರ್ತಿ ಇಆರ್ ರೇಟಿನ ಜಾಗ.

ವರ್ಷಕ್ಕೊಂದು ಚೆಕಪ್ ಫ್ರೀ ಅಂದ್ರು, ಮತ್ತೆ 180 ಡಾಲರ್ ಹಾಕಿದಾರಲ್ಲ?

ವಾರ್ಷಿಕ ಚೆಕಪ್ಪು, ವ್ಯಾಕ್ಸೀನು, 40 ದಾಟಿದ ಹೆಂಗಸರಿಗೆ ಮ್ಯಾಮೊಗ್ರಾಮು, 45 ದಾಟಿದ್ರೆ ಕೊಲೊನೋಸ್ಕೋಪಿ, ಇವಕ್ಕೆ ನೆಟ್‌ವರ್ಕಲ್ಲಿ ಕಾನೂನು ಪ್ರಕಾರ ನೀವು ಏನೂ ಕೊಡೋ ಹಾಗಿಲ್ಲ. ಆದ್ರೆ ಚೆಕಪ್ಪಿಗೆ ಅಂತ ಹೋಗಿ ಬಾಗಿಲ ಹತ್ರ ಬಂದಾಗ "ಡಾಕ್ಟ್ರೇ, ಹಾಗೇ ಈ ಮಂಡಿನೂ ಸ್ವಲ್ಪ ನೋಡಿ" ಅಂದ್ರಿ ಅನ್ಕೊಳಿ, ಅಲ್ಲಿಗೆ ಎರಡನೇ ವಿಸಿಟ್ ಶುರು. ಬಿಲ್ಲಲ್ಲಿ ಚೆಕಪ್ಪಿನ ಕೋಡ್ ಕೆಳಗೆ 99213 ಅಂತ ಇನ್ನೊಂದು ಲೈನ್ ಇದ್ಯಾ ನೋಡಿ, ಅದು ಕಾಯಿಲೆ ವಿಸಿಟ್ಟಿನ ಕೋಡು, ನಿಮ್ಮ ಡಿಡಕ್ಟಿಬಲ್‌ಗೆ ಹೋಗತ್ತೆ. ರಕ್ತ ಪರೀಕ್ಷೇನೂ ಹಾಗೇ, ಕೊಲೆಸ್ಟರಾಲ್ ಸೇರಬಹುದು, ವಿಟಮಿನ್ ಡಿ, ಥೈರಾಯ್ಡ್ ಅಂತ ಸೇರಿಸಿದ್ದು ಫ್ರೀ ಪಟ್ಟೀಲಿ ಇರಲ್ಲ. ನಮ್ಮವರಿಗೆ ಊರಲ್ಲಿ ಮಾಸ್ಟರ್ ಹೆಲ್ತ್ ಚೆಕಪ್ ಅಭ್ಯಾಸ, ಎಲ್ಲಾ ಟೆಸ್ಟೂ ಒಟ್ಟಿಗೆ ಬೇಕು. ಇಲ್ಲಿ ಹಾಗೆ ಕೇಳಿದ್ರೆ ಪ್ರತಿ ಟೆಸ್ಟಿಗೂ "ಇದು ಪ್ರಿವೆಂಟಿವ್ ಕೋಡಲ್ಲಿ ಹೋಗತ್ತಾ" ಅಂತ ಕೇಳ್ಕೊಂಡೇ ಹೂಂ ಅನ್ನಿ.

ದೊಡ್ಡ ಬಿಲ್ ಬಂದಿದೆ, ತಕ್ಷಣ ಕಟ್ಬೇಕಾ?

ಬೇಡ. ಇಡೀ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಡೋದಾದ್ರೆ ಇದು. ನಮ್ಮವರಿಗೆ ಸಾಲ ಅಂದ್ರೆ ಆಗಲ್ಲ, ಕ್ರೆಡಿಟ್ ಸ್ಕೋರ್ ಹಾಳಾಗತ್ತೆ, ಗ್ರೀನ್ ಕಾರ್ಡಿಗೆ ತೊಂದರೆ ಆಗತ್ತೆ ಅಂತ ಹೆದರಿ ಕವರ್ ಬಿಚ್ಚಿದ ದಿನಾನೇ ಕಾರ್ಡ್ ಹೊಡೆದುಬಿಡ್ತಾರೆ. ಮೊದಲ ಬಿಲ್ಲು ಎಷ್ಟೋ ಸಲ ಇನ್ಶೂರೆನ್ಸ್ ಲೆಕ್ಕ ಮುಗಿಯೋ ಮುಂಚೆ ಹೊರಟಿರತ್ತೆ.

ಇನ್ಶೂರೆನ್ಸಿಂದ ಇಒಬಿ ಅಂತ ಒಂದು ಕಾಗದ ಬರತ್ತೆ, ಮೇಲೇ "ಇದು ಬಿಲ್ ಅಲ್ಲ" ಅಂತ ಇಂಗ್ಲಿಷಲ್ಲಿ ಬರ್ದಿರತ್ತೆ, ಅದಕ್ಕೇ ಜನ ಬಿಸಾಕ್ತಾರೆ. ಬಿಸಾಕ್ಬೇಡಿ. ಅದರಲ್ಲಿ ಸಾಲಾಗಿ ನಾಲ್ಕು ಕಾಲಂ ಇರತ್ವೆ, ಆಸ್ಪತ್ರೆ ಹಾಕಿದ್ದು, ಒಪ್ಪಂದದ ರೇಟು, ಇನ್ಶೂರೆನ್ಸ್ ಕೊಟ್ಟಿದ್ದು, ಕೊನೇಲಿ ನಿಮ್ಮ ಪಾಲು. ಆಸ್ಪತ್ರೆ ಬಿಲ್ಲಿನ ಮೊತ್ತ ಆ ಕೊನೆ ಕಾಲಂಗೆ ಪೈಸೆ ಪೈಸೆ ತಾಳೆ ಆಗ್ಬೇಕು. ನೆಟ್‌ವರ್ಕ್ ಆಸ್ಪತ್ರೆ ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ.

ತಾಳೆ ಆಗಿಲ್ಲ ಅಂದ್ರೆ ಬಿಲ್ಲಿಂಗ್‌ಗೆ ಫೋನ್ ಮಾಡಿ ಐಟಮೈಸ್ಡ್ ಬಿಲ್ ಕೇಳಿ, ಕೋಡ್ ಸಮೇತ. ಇಆರ್ ವಿಸಿಟ್ಟಿಗೆ 99281ರಿಂದ 99285ರವರೆಗೆ ಐದು ಹಂತ, ಕೊನೇ ಅಂಕಿ ಏರಿದ ಹಾಗೆ ರೇಟೂ ಏರತ್ತೆ. ನಾಲ್ಕು ಹೊಲಿಗೆ ಹಾಕಿ ಕಳ್ಸಿದ್ದಕ್ಕೆ 99285 ಇದ್ರೆ ಯಾಕೆ ಅಂತ ಕೇಳೋ ಹಕ್ಕು ನಿಮಗಿದೆ, "ಕೋಡಿಂಗ್ ರಿವ್ಯೂ ಮಾಡಿ" ಅಂತ ಬರವಣಿಗೇಲಿ ಕೇಳಿ. ಫೋನ್ ಮಾಡಿದಾಗೆಲ್ಲ ತಾರೀಖು, ಎತ್ತಿದವರ ಹೆಸರು, ರೆಫರೆನ್ಸ್ ನಂಬರ್ ಬರೆದಿಟ್ಕೊಳಿ, ಎರಡನೇ ಸಲ ಫೋನ್ ಮಾಡಿದಾಗ ನಂಬರ್ ಹೇಳಿದ ತಕ್ಷಣ ದನಿನೇ ಬದಲಾಗತ್ತೆ.

ಬಿಲ್ ಸರಿಯಾಗೇ ಇದೆ, ಕಟ್ಟೋಕೆ ಕಷ್ಟ ಅಂದ್ರೆ ಎರಡು ದಾರಿ. ಲಾಭ ಇಲ್ಲದ ಆಸ್ಪತ್ರೆಗಳು, ಅಂದ್ರೆ ಇಲ್ಲಿನ ಬಹುಪಾಲು ದೊಡ್ಡ ಆಸ್ಪತ್ರೆಗಳು, ಟ್ಯಾಕ್ಸ್ ವಿನಾಯಿತಿ ಉಳಿಸ್ಕೊಳ್ಳೋಕೆ ಫೈನಾನ್ಶಿಯಲ್ ಅಸಿಸ್ಟೆನ್ಸ್ ನೀತಿ ಇಟ್ಟಿರಲೇಬೇಕು, ಮೊದಲ ಬಿಲ್ಲಿಂದ 240 ದಿನದವರೆಗೆ ಅರ್ಜಿ ತಗೊಳ್ಳಬೇಕು. ಆದಾಯದ ಮಿತಿ ಆಸ್ಪತ್ರೆ ಆಸ್ಪತ್ರೆಗೂ ಬೇರೆ, ಒಂದೇ ಸಂಬಳದ ನಾಲ್ಕು ಜನರ ಮನೆಗೂ ಸಿಕ್ಕಿರೋದುಂಟು. ಇನ್ನೊಂದು ದಾರಿ ಕಂತು, ಬಡ್ಡಿ ಇಲ್ಲದೇ 12 ತಿಂಗಳು ಕೇಳಿದ್ರೆ ಸಾಮಾನ್ಯವಾಗಿ ಒಪ್ತಾರೆ. ಕ್ರೆಡಿಟ್ ರಿಪೋರ್ಟ್ ಭಯಕ್ಕೆ ಉತ್ತರ, 500 ಡಾಲರ್ ಒಳಗಿನ ಮೆಡಿಕಲ್ ಬಾಕಿಯನ್ನ ಮೂರು ದೊಡ್ಡ ಕ್ರೆಡಿಟ್ ಬ್ಯೂರೋಗಳು 2023ರಿಂದ ರಿಪೋರ್ಟಿಂದ ತೆಗೆದಿವೆ, ದೊಡ್ಡ ಬಾಕಿನೂ ಒಂದು ವರ್ಷ ಆಗೋವರೆಗೆ ಹಾಕಲ್ಲ.

ಡಾಕ್ಟರು ಬೇಕು ಅಂದ ಸ್ಕ್ಯಾನನ್ನ ಇನ್ಶೂರೆನ್ಸ್ ಬೇಡ ಅಂದ್ರೆ?

ಪ್ರಯರ್ ಆಥರೈಸೇಶನ್, ಅಂದ್ರೆ ಚಿಕಿತ್ಸೆಗೆ ಮುಂಚೆ ಇನ್ಶೂರೆನ್ಸ್ ಕೊಡ್ಬೇಕಾದ ಒಪ್ಪಿಗೆ, ತಿರಸ್ಕಾರ ಆಗೋದು ಇಲ್ಲಿ ದಿನನಿತ್ಯದ ಮಾತು. ಮೊದ್ಲು ಡಾಕ್ಟರ್ ಆಫೀಸಿಗೆ "ಪಿಯರ್ ಟು ಪಿಯರ್ ಮಾಡ್ತೀರಾ" ಅಂತ ಕೇಳಿ, ಅಂದ್ರೆ ನಿಮ್ಮ ಡಾಕ್ಟರು ಇನ್ಶೂರೆನ್ಸಿನ ಡಾಕ್ಟರ್ ಜೊತೆ ನೇರ ಮಾತಾಡೋದು, ಎಷ್ಟೋ ಕೇಸು ಅಲ್ಲೇ ಬಗೆಹರಿಯತ್ತೆ. ಆಗಿಲ್ಲ ಅಂದ್ರೆ ಅಪೀಲು, ಪತ್ರ ಸಿಕ್ಕಿದ 180 ದಿನದ ಒಳಗೆ. ಅದೂ ಹೋಯ್ತು, ಕಾರಣ ವೈದ್ಯಕೀಯವಾದ್ದು ಅಂದ್ರೆ ನಾಲ್ಕು ತಿಂಗಳ ಒಳಗೆ ಹೊರಗಿನ ಸ್ವತಂತ್ರ ರಿವ್ಯೂ ಕೇಳ್ಬೋದು, ಅವರ ತೀರ್ಪಿಗೆ ಇನ್ಶೂರೆನ್ಸ್ ತಲೆಬಾಗ್ಲೇಬೇಕು. ಅಪೀಲ್ ಮಾಡೋರು ತೀರಾ ಕಮ್ಮಿ ಜನ, ಅದನ್ನ ಕಂಪನಿಗಳೂ ಬಲ್ಲವು. ದೊಡ್ಡ ಐಟಿ ಕಂಪನಿಗಳು ಹೆಚ್ಚಾಗಿ ಸೆಲ್ಫ್ ಇನ್ಶೂರ್ಡ್, ದುಡ್ಡು ಕೊಡೋದು ನಿಮ್ಮ ಕಂಪನಿನೇ, ಇನ್ಶೂರೆನ್ಸ್‌ನೋರು ಬರೀ ಲೆಕ್ಕ ನೋಡ್ಕೊಳ್ಳೋರು. ಅಂಥ ಕಡೆ ಎಚ್ಆರ್ ಬೆನಿಫಿಟ್ಸ್ ಟೀಮಿಗೆ ಒಂದು ಮೇಲ್ ಹಾಕಿದ್ರೆ ಆಗೋ ಕೆಲಸ ಹತ್ತು ಫೋನಲ್ಲಿ ಆಗಲ್ಲ.

ಮಗು ಆಗೋದಿದೆ, ಏನೇನು ನೋಡ್ಕೋಬೇಕು?

ಹೆರಿಗೆ ಡಿಸೆಂಬರ್ ಕೊನೇಲಿದ್ರೆ ಎರಡು ವರ್ಷದ ಡಿಡಕ್ಟಿಬಲ್ ಬೀಳೋ ಸಾಧ್ಯತೆ ಇದೆ, ಅದು ದೇವರಿಗೆ ಬಿಟ್ಟಿದ್ದು. ನಿಮ್ಮ ಕೈಲಿರೋದು 30 ದಿನ. ಮಗು ಹುಟ್ಟಿದ 30 ದಿನದ ಒಳಗೆ ಕಂಪನಿ ಪ್ಲಾನಿಗೆ ಸೇರಿಸ್ಬೇಕು, ಸೇರಿಸಿದ್ರೆ ಹುಟ್ಟಿದ ದಿನದಿಂದಲೇ ಕವರ್. ಎಸ್ಎಸ್ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಬರ್ಲಿ, ಬರ್ತ್ ಸರ್ಟಿಫಿಕೇಟ್ ಬರ್ಲಿ, ನಾಮಕರಣ ಆಗ್ಲಿ ಅಂತ ಕಾಯ್ಬೇಡಿ, ನಂಬರ್ ಇಲ್ಲದೇನೂ ಸೇರಿಸ್ಕೋತಾರೆ. ಬಾಣಂತನದ ಗಡಿಬಿಡೀಲಿ 31ನೇ ದಿನ ನೆನಪಾಗಿ, ವರ್ಷಕ್ಕೊಮ್ಮೆ ಪ್ಲಾನಿಗೆ ಸೇರಿಸೋಕೆ ಬಿಡೋ ಮುಂದಿನ ಓಪನ್ ಎನ್‌ರೋಲ್‌ಮೆಂಟ್‌ವರೆಗೆ ಒದ್ದಾಡಿದ ಮನೆಗಳಿವೆ. ಮಗೂಗೆ ಬೇರೆ ಬಿಲ್ಲು, ಬೇರೆ ಡಿಡಕ್ಟಿಬಲ್ ಅನ್ನೋದೂ ಗೊತ್ತಿರಲಿ. ನಾರ್ಮಲ್ ಹೆರಿಗೆಗೆ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆ ಆಸ್ಪತ್ರೇಲಿ ಇರೋದನ್ನ ಇನ್ಶೂರೆನ್ಸ್ ಕಡಿತ ಮಾಡೋ ಹಾಗಿಲ್ಲ, 1996ರ ಕಾನೂನು.

ಗಂಡ ಹೆಂಡತಿ ಇಬ್ಬರ ಪ್ಲಾನಲ್ಲೂ ಮಗೂನ ಸೇರಿಸಿದ್ರೆ ಯಾವುದು ಮೊದ್ಲು ಕೊಡ್ಬೇಕು ಅನ್ನೋದಕ್ಕೆ ಬರ್ತ್‌ಡೇ ರೂಲ್ ಅಂತಿದೆ, ಕ್ಯಾಲೆಂಡರಲ್ಲಿ ಯಾರ ಹುಟ್ಟುಹಬ್ಬ ಮೊದ್ಲು ಬರತ್ತೋ ಅವರ ಪ್ಲಾನು ಮೊದ್ಲು, ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಆಗಾಗ "ನಿಮಗೆ ಬೇರೆ ಇನ್ಶೂರೆನ್ಸ್ ಇದ್ಯಾ" ಅಂತ ಒಂದು ಸಪ್ಪೆ ಕಾಗದ ಬರತ್ತೆ, ಜಾಹೀರಾತು ಥರ ಕಾಣತ್ತೆ, ಅದಕ್ಕೆ ಉತ್ತರ ಕೊಡೋವರೆಗೂ ಎಲ್ಲಾ ಕ್ಲೈಮೂ ನಿಲ್ಲಿಸಿಡ್ತಾರೆ.

ಅಪ್ಪ ಅಮ್ಮ ಆರು ತಿಂಗಳಿಗೆ ಬರ್ತಿದಾರೆ, ಯಾವ ಇನ್ಶೂರೆನ್ಸ್?

ಕಂಪನಿ ಪ್ಲಾನಿಗೆ ತಂದೆ ತಾಯಿ ಸೇರಿಸೋಕೆ ಸಾಮಾನ್ಯವಾಗಿ ಆಗಲ್ಲ, ಇಂಡಿಯಾದ ಐಟಿ ಕಂಪನಿಗಳ ಥರ ಅಲ್ಲ. ವಿಸಿಟರ್ಸ್ ಇನ್ಶೂರೆನ್ಸ್ ಬೇರೆ ತಗೋಬೇಕು, ಅದರಲ್ಲಿ ಎರಡು ಜಾತಿ. ಫಿಕ್ಸೆಡ್ ಬೆನಿಫಿಟ್ ಅಗ್ಗ, ಪ್ರತಿಯೊಂದಕ್ಕೂ ಇಂತಿಷ್ಟೇ ಅಂತ ಪಟ್ಟಿ ಇರತ್ತೆ, ಆಸ್ಪತ್ರೆ ದಿನಕ್ಕೆ ಎಷ್ಟೇ ಹಾಕಿದ್ರೂ ಅವರು ಕೊಡೋದು ಪಟ್ಟೀಲಿರೋ ಮೊತ್ತ, ಮಿಕ್ಕಿದ್ದು ನಿಮ್ಮ ತಲೆ ಮೇಲೆ. ಕಾಂಪ್ರಹೆನ್ಸಿವ್ ದುಬಾರಿ, ಆದ್ರೆ ಡಿಡಕ್ಟಿಬಲ್ ಆದ್ಮೇಲೆ ಪರ್ಸೆಂಟೇಜ್ ಲೆಕ್ಕದಲ್ಲಿ ಪಾಲಿಸಿ ಮಿತಿವರೆಗೆ ಕೊಡ್ತಾರೆ, ಪಿಪಿಒ ನೆಟ್‌ವರ್ಕ್ ಇರೋದ್ರಿಂದ ಆಸ್ಪತ್ರೆ ನೇರ ಬಿಲ್ ಮಾಡೋ ಸಾಧ್ಯತೆ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದ್ರೆ ಫಿಕ್ಸೆಡ್ ಕೊಂಡು ಸಮಾಧಾನ ಪಟ್ಕೊಳ್ಳೋದು ಮಳೆಗಾಲಕ್ಕೆ ತೂತು ಛತ್ರಿ ಇಟ್ಕೊಂಡ ಹಾಗೆ.

ಅಸಲು ಪ್ರಶ್ನೆ ಬಿಪಿ, ಶುಗರ್, ಹಳೇ ಸ್ಟೆಂಟು. ಬ್ರೋಶರಲ್ಲಿ "ಅಕ್ಯೂಟ್ ಆನ್ಸೆಟ್ ಆಫ್ ಪ್ರೀ-ಎಕ್ಸಿಸ್ಟಿಂಗ್ ಕಂಡಿಶನ್ ಕವರ್ಡ್" ಅಂತ ನೋಡಿ ಶುಗರ್ ಕವರ್ ಆಯ್ತು ಅನ್ಕೊಳ್ಳೋರೇ ಜಾಸ್ತಿ. ಹಾಗಲ್ಲ. ಹಳೇ ಕಾಯಿಲೆ ಮುನ್ಸೂಚನೆ ಇಲ್ಲದೇ ದಿಢೀರ್ ಅಂತ ಉಲ್ಬಣ ಆಗಿರ್ಬೇಕು, ಹೆಚ್ಚಿನ ಪಾಲಿಸೀಲಿ 24 ಗಂಟೆ ಒಳಗೆ ಚಿಕಿತ್ಸೆಗೆ ಹೋಗಿರ್ಬೇಕು, ನಿಧಾನಕ್ಕೆ ಏರಿದ ತೊಂದರೆ ಸೇರಲ್ಲ, ಮಾಮೂಲಿ ಚೆಕಪ್ಪು ಮಾತ್ರೆ ಸೇರಲ್ಲ, ಮತ್ತೆ 70 ಅಥವಾ 80 ದಾಟಿದವರಿಗೆ ಈ ಭಾಗವೇ ಇರಲ್ಲ ಅಥವಾ ಮಿತಿ ತುಂಬ ಇಳಿದಿರತ್ತೆ. ಎರಡು ದಿನದಿಂದ ಎದೆ ಒತ್ತುತ್ತಿತ್ತು, ಮಗನಿಗೆ ಖರ್ಚು ಬೇಡ ಅಂತ ಹೇಳ್ಲಿಲ್ಲ ಅಂತ ಅಪ್ಪ ಇಆರ್‌ನಲ್ಲಿ ಹೇಳಿದ್ರೆ ಆ ಮಾತು ದಾಖಲೆಗೆ ಹೋಗತ್ತೆ, ಕ್ಲೈಮ್ ಅಲ್ಲೇ ಬಿದ್ದುಹೋಗ್ಬೋದು. ಅದಕ್ಕೆ ಬಂದ ಮೊದಲ ವಾರಾನೇ ಕೂರಿಸ್ಕೊಂಡು ಹೇಳಿ, ಏನೇ ಆದ್ರೂ ಆಗಿಂದಾಗ್ಲೇ ಹೇಳ್ಬೇಕು ಅಂತ.

ಪಾಲಿಸಿ ವಿಮಾನ ಹತ್ತೋ ದಿನದಿಂದ ಶುರು ಆಗೋ ಹಾಗೆ ತಗೊಳಿ. ವಾಸ ಮುಂದುವರಿಸೋದಾದ್ರೆ ಮುಗಿಯೋ ಮುಂಚೆ ರಿನ್ಯೂ ಮಾಡಿ, ಮುಗಿದ್ಮೇಲೆ ಹೊಸದು ತಗೊಂಡ್ರೆ ಮಧ್ಯೆ ಬಂದ ಕಾಯಿಲೆ ಎಲ್ಲಾ ಹಳೇ ಕಾಯಿಲೆ ಆಗಿಬಿಡತ್ತೆ. ಮಾತ್ರೆಗಳನ್ನ ಪೂರ್ತಿ ಅವಧಿಗೆ ಲೆಕ್ಕ ಹಾಕಿ, ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿ ಇಂಗ್ಲಿಷಲ್ಲಿ ಬರ್ಸಿ, ಕೈಲಿರೋ ಬ್ಯಾಗಲ್ಲಿ ಇಟ್ಕೊಂಡು ಬರೋಕೆ ಹೇಳಿ. ಆಸ್ಪತ್ರೇಲಿ ಭಾಷೆ ತೊಡಕಾದ್ರೆ ಕನ್ನಡ ಇಂಟರ್‌ಪ್ರಿಟರ್ ಕೇಳಿ, ಫೆಡರಲ್ ದುಡ್ಡು ತಗೊಳ್ಳೋ ಆಸ್ಪತ್ರೆಗಳು ಫ್ರೀಯಾಗಿ ಕೊಡ್ಬೇಕು, ಹೆಚ್ಚಾಗಿ ಫೋನಲ್ಲೋ ವಿಡಿಯೋದಲ್ಲೋ ಸಿಗ್ತಾರೆ. ಸೊಸೆ ಮುಂದೆ ಹೇಳೋಕೆ ಸಂಕೋಚ ಪಡೋದನ್ನ ಅತ್ತೆ ಅವರ ಹತ್ರ ಸಲೀಸಾಗಿ ಹೇಳ್ತಾರೆ.

ಅವರಿಗೇ ಗ್ರೀನ್ ಕಾರ್ಡ್ ಬಂದ್ರೆ ಮೆಡಿಕೇರ್ ಸಿಗತ್ತಲ್ಲ?

ತಕ್ಷಣ ಇಲ್ಲ. 65 ಆಗಿರ್ಬೇಕು, ಗ್ರೀನ್ ಕಾರ್ಡ್ ಮೇಲೆ ಐದು ವರ್ಷ ಬಿಡದೇ ಇಲ್ಲೇ ವಾಸ ಮಾಡಿರ್ಬೇಕು, ಇಲ್ಲಿ ಹತ್ತು ವರ್ಷದ ಕೆಲಸದ ಕ್ರೆಡಿಟ್ ಇಲ್ಲದಿರೋದ್ರಿಂದ ಪಾರ್ಟ್ ಎಗೂ (ಮೆಡಿಕೇರಿನ ಆಸ್ಪತ್ರೆ ಖರ್ಚಿನ ಭಾಗ) ಪ್ರೀಮಿಯಂ ಕಟ್ಬೇಕು. ಆ ಐದು ವರ್ಷ ಮಾರ್ಕೆಟ್‌ಪ್ಲೇಸ್ ಪ್ಲಾನೇ (ಸರ್ಕಾರದ ಇನ್ಶೂರೆನ್ಸ್ ವೆಬ್‌ಸೈಟಲ್ಲಿ ಕೊಳ್ಳೋ ಪ್ಲಾನು) ಗತಿ, 65 ದಾಟಿದ್ರೂ ಕೊಳ್ಬೋದು, ಇಲ್ಲಿಗೆ ಬಂದ 60 ದಿನದ ಒಳಗೆ ಅರ್ಜಿ ಹಾಕ್ಬೇಕು. ಹಳೇ ಕಾಯಿಲೆ ಅಂತ ಬೇಡ ಅನ್ನೋ ಹಾಗಿಲ್ಲ, ಅದೇ ಇದರ ದೊಡ್ಡ ಗುಣ. ಸಬ್ಸಿಡಿ ಮನೆ ಆದಾಯದ ಮೇಲೆ, ನಿಮ್ಮ ಟ್ಯಾಕ್ಸಲ್ಲಿ ಅವರನ್ನ ಡಿಪೆಂಡೆಂಟ್ ಅಂತ ತೋರಿಸಿದ್ರೆ ನಿಮ್ಮ ಸಂಬಳಾನೂ ಲೆಕ್ಕಕ್ಕೆ ಬರತ್ತೆ. 2025ರಲ್ಲಿ ಬಂದ ಹೊಸ ಕಾನೂನು ವಲಸೆ ಬಂದವರ ಸಬ್ಸಿಡಿ ನಿಯಮಗಳನ್ನ ಬಿಗಿ ಮಾಡಿದೆ, ಹಳೇ ಸಲಹೆ ನಂಬ್ಕೊಂಡು ಲೆಕ್ಕ ಹಾಕ್ಬೇಡಿ.

ಕೆಲಸ ಹೋಯ್ತು, ಇನ್ಶೂರೆನ್ಸ್ ಕಥೆ?

ಎಚ್-1ಬಿಲಿ 60 ದಿನದ ಗ್ರೇಸ್ ಎಣಿಸೋ ಗಾಬರೀಲಿ ಇದು ಮರೆತೇ ಹೋಗತ್ತೆ. ಮೊದ್ಲು ಎಚ್ಆರ್‌ಗೆ ಕೇಳಿ, ಕವರ್ ಕೊನೇ ದಿನದವರೆಗಾ ಅಥವಾ ತಿಂಗಳ ಕೊನೆವರೆಗಾ. ಸಂಗಾತಿಗೆ ಕೆಲಸ ಇದ್ರೆ ಅವರ ಪ್ಲಾನಿಗೆ 30 ದಿನದ ಒಳಗೆ ಸೇರಿ, ಅದೇ ಅಗ್ಗ. ಇಲ್ಲಾಂದ್ರೆ ಕೋಬ್ರಾ ಅನ್ನೋ ಕಾನೂನು, 20 ಜನಕ್ಕಿಂತ ಕಮ್ಮಿ ಇಲ್ಲದ ಕಂಪನಿಗಳಲ್ಲಿ 18 ತಿಂಗಳವರೆಗೆ ಅದೇ ಪ್ಲಾನ್ ಮುಂದುವರಿಸ್ಬೋದು, ಆದ್ರೆ ಕಂಪನಿ ಪಾಲೂ ಸೇರಿ ಪೂರ್ತಿ ಪ್ರೀಮಿಯಂನ 102 ಪರ್ಸೆಂಟ್ ನೀವೇ ಕಟ್ಬೇಕು, ಮೊತ್ತ ನೋಡಿದ್ರೆ ಎದೆ ಧಸಕ್ ಅನ್ನತ್ತೆ.

ಇಲ್ಲೊಂದು ಉಪಯೋಗದ ಸಂಗತಿ ಇದೆ. ಕೋಬ್ರಾ ಬೇಕು ಅನ್ನೋಕೆ 60 ದಿನ ಟೈಮು, ಬೇಕು ಅಂದ್ಮೇಲೆ ಮೊದಲ ಕಂತಿಗೆ 45 ದಿನ, ಮತ್ತೆ ಕವರ್ ಹಳೇ ಪ್ಲಾನ್ ನಿಂತ ದಿನದಿಂದಲೇ ಲೆಕ್ಕ. ಅಂದ್ರೆ ಆ 60 ದಿನದಲ್ಲಿ ಹೊಸ ಕೆಲಸ ಸಿಕ್ಕಿ ಯಾರಿಗೂ ಏನೂ ಆಗ್ಲಿಲ್ಲ ಅಂದ್ರೆ ಬೇಡ ಅಂತ ಬಿಡ್ಬೋದು, ಕೈ ಮುರಿದ್ರೆ ಆಗ ತಗೊಂಡು ಹಿಂದಿನ ತಿಂಗಳದ್ದೂ ಕಟ್ಬೋದು. ದಿನಾ ತಗೊಳ್ಳೋ ದುಬಾರಿ ಔಷಧಿ ಇರೋರು, ಬಸುರಿ ಇರೋ ಮನೆ ಈ ಆಟ ಆಡೋದು ಬೇಡ, ಫಾರ್ಮಸೀಲಿ ಕಾರ್ಡ್ ನಡಿಯಲ್ಲ. ಮಾರ್ಕೆಟ್‌ಪ್ಲೇಸಿಗೂ 60 ದಿನ ಇದೆ.

ಎಂಎಸ್ ಮಾಡೋಕೆ ಬರ್ತಿದೀನಿ, ಯೂನಿವರ್ಸಿಟಿ ಪ್ಲಾನೇ ಬೇಕಾ?

ಹೆಚ್ಚಿನ ಯೂನಿವರ್ಸಿಟಿಗಳು ಫೀಸ್ ಜೊತೆನೇ ಹಾಕ್ತಾರೆ, ಅಷ್ಟೇ ಗಟ್ಟಿ ಬೇರೆ ಪ್ಲಾನ್ ತೋರಿಸಿದ್ರೆ ಕೆಲವರು ವೇವರ್ (ವಿನಾಯಿತಿ) ಕೊಡ್ತಾರೆ. ಅಗ್ಗದ ಪ್ಲಾನ್ ಅಂತ ಹೊರಗೆ ಕೊಳ್ಳೋ ಮುಂಚೆ ಮಾನಸಿಕ ಆರೋಗ್ಯ, ಆಟದಲ್ಲಾದ ಗಾಯ ಇದರಲ್ಲಿ ಇದ್ಯಾ ನೋಡಿ. ಎಷ್ಟೋ ಅಗ್ಗದ ಪ್ಲಾನಲ್ಲಿ ವಾಲಿಬಾಲ್ ಆಡಿ ಕಾಲು ಮುರ್ಕೊಂಡ್ರೆ ಕೊಡಲ್ಲ. ಓಪಿಟಿಗೆ (ಓದಿಗೆ ಸಂಬಂಧಿಸಿದ ಕೆಲಸ ಮಾಡೋಕೆ ಸಿಗೋ ಅನುಮತಿ) ಬಂದಾಗ ಯೂನಿವರ್ಸಿಟಿ ಪ್ಲಾನ್ ನಿಂತ ದಿನಕ್ಕೂ ಹೊಸ ಕೆಲಸದ ಪ್ಲಾನ್ ಶುರುವಾಗೋ ದಿನಕ್ಕೂ ಮಧ್ಯೆ ಖಾಲಿ ಬಿಡ್ಬೇಡಿ. ಜೆ-1 (ಎಕ್ಸ್‌ಚೇಂಜ್ ವೀಸಾ) ಮೇಲೆ ಬರೋರಿಗೆ ಇನ್ಶೂರೆನ್ಸ್ ಕಡ್ಡಾಯ, ಒಂದು ಕಾಯಿಲೆಗೆ ಕನಿಷ್ಠ 1,00,000 ಡಾಲರ್ ಕವರ್ ಇರ್ಬೇಕು.

ಹಲ್ಲಿಗೆ ಊರಿಗೆ ಹೋಗೋದೇ ವಾಸಿನಾ?

ರೂಟ್ ಕೆನಾಲ್, ಕ್ರೌನ್, ಇಂಪ್ಲಾಂಟ್ ಆದ್ರೆ ಎಷ್ಟೋ ಜನ ಹಾಗೇ ಮಾಡ್ತಾರೆ, ಡೆಂಟಲ್ ಬೇರೆ ಪಾಲಿಸಿ, ಅದರಲ್ಲಿ ವರ್ಷಕ್ಕೆ 1,000ದಿಂದ 2,000 ಡಾಲರ್ ಅಂತ ಗರಿಷ್ಠ ಮಿತಿ ಇರೋದೇ ಮಾಮೂಲು. ಆದ್ರೆ ಎರಡು ವಾರದ ರಜದಲ್ಲಿ ಮದ್ವೆ ಮನೆ ಓಡಾಟದ ಮಧ್ಯೆ ನಾಲ್ಕು ಸಿಟ್ಟಿಂಗ್ ಹೊಂದಿಸೋದು ಕಷ್ಟ, ಇಂಪ್ಲಾಂಟಿಗಂತೂ ತಿಂಗಳುಗಳೇ ಬೇಕು. ವರ್ಷಕ್ಕೆ ಎರಡು ಕ್ಲೀನಿಂಗ್ ಇಲ್ಲಿ ಸಾಮಾನ್ಯವಾಗಿ ಫ್ರೀ, ಅದನ್ನ ಬಿಡ್ಬೇಡಿ.

ಔಷಧಿ ರೇಟು ಫಾರ್ಮಸಿ ಫಾರ್ಮಸಿಗೂ ಬೇರೆನಾ?

ಬೇರೆನೇ. ಇನ್ಶೂರೆನ್ಸ್ ಕಾರ್ಡ್ ತೋರಿಸಿದ್ರೆ 40 ಡಾಲರ್ ಆಗೋ ಜೆನೆರಿಕ್ಕು ಗುಡ್‌ಆರ್‌ಎಕ್ಸ್ ಥರದ ಕೂಪನಲ್ಲಿ 12 ಡಾಲರಿಗೆ ಸಿಗೋದೂ ಉಂಟು, ಎರಡೂ ರೇಟ್ ಕೇಳಿ. ಕೂಪನಲ್ಲಿ ತಗೊಂಡಿದ್ದು ಡಿಡಕ್ಟಿಬಲ್‌ಗೆ ಸೇರಲ್ಲ ಅಷ್ಟೇ. ಕಾಸ್ಟ್ಕೊ ಫಾರ್ಮಸಿಗೆ ಮೆಂಬರ್‌ಶಿಪ್ ಬೇಡ, ಬಾಗಿಲಲ್ಲಿ ಫಾರ್ಮಸಿ ಅಂದ್ರೆ ಬಿಡ್ತಾರೆ.

ಇಂಡಿಯಾದಲ್ಲಿರೋ ನಮ್ಮ ಹೆಲ್ತ್ ಪಾಲಿಸಿ ನಿಲ್ಲಿಸ್ಬಿಡ್ಲಾ?

ಮುಂದೆ ವಾಪಸ್ ಹೋಗೋ ಯೋಚನೆ ಸ್ವಲ್ಪ ಇದ್ರೂ ನಿಲ್ಲಿಸ್ಬೇಡಿ. ಅದು ಅಮೆರಿಕದಲ್ಲಿ ಕೆಲಸಕ್ಕೆ ಬರಲ್ಲ, ನಿಜ. ಆದ್ರೆ ಅಲ್ಲಿ ಹಳೇ ಕಾಯಿಲೆಗೆ ಕಾಯೋ ಅವಧಿ ಇದೆ, 2024ರಲ್ಲಿ ಐಆರ್‌ಡಿಎಐ (ಇಂಡಿಯಾದ ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ) ಅದನ್ನ ಗರಿಷ್ಠ ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸ್ತು, ಐದು ವರ್ಷ ಬಿಡದೇ ಕಟ್ಟಿದ್ರೆ ಮೋಸ ಸಾಬೀತಾಗದ ಹೊರತು ಏನೋ ಮುಚ್ಚಿಟ್ರಿ ಅಂತ ಕ್ಲೈಮ್ ತಳ್ಳೋ ಹಾಗಿಲ್ಲ. 45ಕ್ಕೆ ಶುಗರ್ ಇಟ್ಕೊಂಡು ವಾಪಸ್ ಹೋಗಿ ಹೊಸ ಪಾಲಿಸಿ ಕೇಳಿದ್ರೆ ಆ ಮೂರು ವರ್ಷ ಮತ್ತೆ ಮೊದಲಿಂದ. ವಿದೇಶದಲ್ಲಿದೀನಿ ಅಂತ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಕೆಲವರು ಪ್ರೀಮಿಯಂನಲ್ಲಿ ರಿಯಾಯಿತಿ ಕೊಡ್ತಾರೆ, ಎನ್ಆರ್‌ಒ (ಅನಿವಾಸಿಗಳ ರೂಪಾಯಿ) ಅಕೌಂಟಿಂದ ಆಟೋ ಡೆಬಿಟ್ ಇಟ್ಟುಬಿಡಿ. ಅಪ್ಪ ಅಮ್ಮಂದೂ ಇಲ್ಲಿಂದಲೇ ಕಟ್ಬೋದು, 65 ದಾಟಿದೋರಿಗೆ ಹೊಸ ಪಾಲಿಸಿ ಕೊಡಲ್ಲ ಅನ್ನೋ ವಯಸ್ಸಿನ ಮಿತಿನೂ 2024ರಲ್ಲೇ ತೆಗೆದಿದಾರೆ, ಮತ್ತೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿ ಮೇಲೆ ಜಿಎಸ್‌ಟಿ ಇಲ್ಲ, ರಿನ್ಯೂವಲ್ ನೋಟಿಸಲ್ಲಿ ಇನ್ನೂ 18 ಪರ್ಸೆಂಟ್ ಸೇರಿಸಿದಾರಾ ಅಂತ ಒಂದ್ಸಲ ಕಣ್ಣು ಹಾಯಿಸಿ.